ಗುಂಡಿನ ಉದ್ದ, ನಳಿಗೆಯ ಸುತ್ತು

ರೈಫಲ್ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಅವು ಗುಂಡನ್ನು ತಿರುಗಿಸಿಕೊಂಡೇ ಹೊರಗೆ ಬಿಡುತ್ತವೆ. ಒಂದು ಪೂರ್ತಿ ಸುತ್ತು ಮುಗಿಸಲು ಗುಂಡು ಎಷ್ಟು ಇಂಚು ಮುಂದೆ ಸಾಗಬೇಕು ಎಂಬ ಲೆಕ್ಕಕ್ಕೆ ‘ಟ್ವಿಸ್ಟ್’ ಎಂದು ಹೆಸರು. 16 ಇಂಚಿಗೆ ಒಂದು ಸುತ್ತಾದರೆ ‘ಒಂದಕ್ಕೆ ಹದಿನಾರು’, 7 ಇಂಚಿಗಾದರೆ ‘ಒಂದಕ್ಕೆ ಏಳು’. ಅಂಕಿ ಇಳಿದಷ್ಟೂ ಸುತ್ತು ಬಿಗಿ. ಈ ಸುತ್ತಿಗೆ ಸರಿಹೊಂದುವ ಗುಂಡನ್ನು ಹುಡುಕುವುದರಲ್ಲಿ ಒಂದು ಸುಖವಿದೆ. ಆಟ ಶುರುವಾಗುವ ಮೊದಲು ಚೌಕಿಯ ಮೂಲೆಯಲ್ಲಿ ಕುಳಿತು ಮದ್ದಳೆಗೆ ಶ್ರುತಿ ಕೂಡಿಸುವವರ ಸುಖದ ಜಾತಿಯದೇ ಅದು.

ಸುಳ್ಯ ಪೇಟೆಯ ಮಗ್ಗುಲಿನ ಅಜ್ಜಾವರದಂಥ ಊರುಗಳಿಗೆ ಕೋವಿ ಹೊಸತಲ್ಲ. ಮಂಗ, ಹಂದಿಗಳಿಂದ ತೋಟ ಕಾಯಲೆಂದು ಪರವಾನಗಿ ಪಡೆದ ಕೋವಿಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಚುನಾವಣೆ ಘೋಷಣೆಯಾಯಿತೆಂದರೆ ಅವನ್ನು ಠಾಣೆಯಲ್ಲಿ ಇಟ್ಟು ಬರಬೇಕು, ಮುಗಿದ ಮೇಲೆ ಹೋಗಿ ತರಬೇಕು. ಕೃಷಿಕರ ಗೊಣಗಾಟವೂ ಅಷ್ಟೇ ನಿಯಮಿತ. ಆದರೆ ಇವು ಹೆಚ್ಚಾಗಿ ಕೇಪಿನ ಕೋವಿ, ಒಂಟಿ ನಳಿಗೆ, ಜೋಡು ನಳಿಗೆಗಳು. ಚರೆ ಹಾರಿಸುವ ಈ ಕೋವಿಗಳ ಒಳಮೈ ಕನ್ನಡಿಯಂತೆ ನುಣುಪು. ಗೀರೇ ಇಲ್ಲದ ಮೇಲೆ ಸುತ್ತಿನ ಮಾತೆಲ್ಲಿ? ಅದಕ್ಕೆ ಸಂಪಾಜೆ ಘಾಟಿ ಹತ್ತಬೇಕು. ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ಕೊಡಗಿನ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಅದರಲ್ಲಿ 12 ಬೋರಿನ ಕೋವಿಗೆ ಒಂದು ವಿಭಾಗ, ಪಾಯಿಂಟ್ 22 ರೈಫಲ್ಲಿಗೆ ಇನ್ನೊಂದು. 1834ರ ತನಕ ಸುಳ್ಯವೂ ಕೊಡಗಿನ ಅರಸರ ಸೀಮೆಯೇ ಆಗಿತ್ತೆಂಬುದನ್ನು ನೆನೆದರೆ ಈ ಘಾಟಿ ಹತ್ತುವುದು ಪರವೂರಿನ ಪಯಣವೇನಲ್ಲ. ತುಳುವಿನಲ್ಲಿ ಕೋವಿಯೂ ‘ಬೆಡಿ’ಯೇ, ಪುತ್ತೂರು ಜಾತ್ರೆಯ ಸುಡುಮದ್ದೂ ‘ಬೆಡಿ’ಯೇ. ಸದ್ದನ್ನು ನಂಬಿದ ಭಾಷೆ ಅದು. ಇಲ್ಲಿನ ವಿಚಾರ ಸದ್ದು ಮುಗಿದ ಮೇಲಿನದು.

ಗುಂಡು ತಿರುಗಬೇಕೇಕೆ? ಹಣ್ಣಡಿಕೆಯೊಂದನ್ನು ಎಸೆದರೆ ಅದು ಹೇಗೆ ಉರುಳಿದರೂ ಗಾಳಿಗೆ ಒಂದೇ. ಅದೇ ಒಂದು ಗೇಣುದ್ದದ ಕೋಲನ್ನು ಮೂತಿ ಮುಂದಾಗಿ ಎಸೆದರೆ ನಾಲ್ಕು ಮಾರು ಹೋಗುವುದರೊಳಗೆ ಪಲ್ಟಿ ಹೊಡೆಯುತ್ತದೆ. ಉದ್ದನೆಯ ಗುಂಡಿನದೂ ಇದೇ ಪಾಡು. ಗಾಳಿಯ ಒತ್ತಡ ಅದರ ಮೂತಿಯ ಕಡೆಗೆ ಬೀಳುತ್ತದೆ, ಭಾರದ ಕೇಂದ್ರ ಹಿಂದೆ ಉಳಿಯುತ್ತದೆ. ಇವೆರಡರ ನಡುವಿನ ಜಗ್ಗಾಟ ಗುಂಡನ್ನು ಮಗುಚಲು ನೋಡುತ್ತದೆ. ಬುಗುರಿ ತಿರುಗುವಷ್ಟು ಹೊತ್ತು ಬೀಳದೆ ನಿಲ್ಲುವಂತೆ, ತಿರುಗುವ ಗುಂಡೂ ಮೂತಿ ಮುಂದಿಟ್ಟೇ ಸಾಗುತ್ತದೆ. ಗುಂಡು ನೀಳವಾದಷ್ಟೂ ಮಗುಚುವ ಬಲ ಹೆಚ್ಚು, ಹಾಗಾಗಿ ಬೇಕಾದ ಸುತ್ತೂ ಬಿಗಿ.

ಗುಂಡಿನ ‘ತೂಕ’ಕ್ಕೆ ಸುತ್ತು ಹೊಂದಿಸಬೇಕೆನ್ನುವುದು ರೂಢಿಯ ಮಾತು. ಆ ಮಾತಿಗೆ ಅರ್ಧ ಮಾರ್ಕು ಕೊಡಬಹುದು, ಪೂರ್ತಿ ಅಲ್ಲ. ವ್ಯಾಸ ಒಂದೇ, ಲೋಹ ಒಂದೇ, ಆಕಾರವೂ ಒಂದೇ ಆಗಿದ್ದರೆ ತೂಕ ಹೆಚ್ಚಿದ ಗುಂಡು ಉದ್ದವೂ ಆಗಿರುತ್ತದೆ. ಅಷ್ಟರ ಮಟ್ಟಿಗೆ ಮಾತು ನಿಜ. ಎರಡು ಹಳೆಯ ಬ್ರಿಟಿಷ್ ರೈಫಲ್ಲುಗಳನ್ನು ಅಕ್ಕಪಕ್ಕ ಇಟ್ಟರೆ ಉಳಿದರ್ಧ ತಿಳಿಯುತ್ತದೆ. ಒಂದು, 1857ರ ಸಿಪಾಯಿಗಳ ಸಿಟ್ಟಿಗೆ ಕಾರಣವಾದ ತೋಟೆಯ ಎನ್‌ಫೀಲ್ಡ್. ಅದರ ಬೋರು 0.577 ಇಂಚು, ಗುಂಡು 530 ಗ್ರೇನ್, ಅಂದರೆ ಸುಮಾರು 34 ಗ್ರಾಂ. ಸುತ್ತು ಒಂದಕ್ಕೆ 78, ನಳಿಗೆ 39 ಇಂಚು. ನಳಿಗೆ ಮುಗಿಯುವುದರೊಳಗೆ ಗುಂಡು ತಿರುಗುವುದು ಬರೀ ಅರ್ಧ ಸುತ್ತು. ಇನ್ನೊಂದು, ಅದೇ ಕಾಲದ ಜೋಸೆಫ್ ವಿಟ್‌ವರ್ತ್‌ನ ಆರು ಮೂಲೆಯ ಬೋರಿನ ರೈಫಲ್. ಅದಕ್ಕೂ 530 ಗ್ರೇನ್ ಗುಂಡೇ, ಆದರೆ ಬೋರು 0.451 ಇಂಚು, ಸುತ್ತು ಒಂದಕ್ಕೆ 20. ಅಷ್ಟೇ ಸೀಸವನ್ನು ಸಪೂರ ಮಾಡಿ ಎಳೆದಾಗ ಗುಂಡು ನೀಳವಾಯಿತು, ಸುತ್ತು ಸುಮಾರು ನಾಲ್ಕು ಪಟ್ಟು ಬಿಗಿಯಾಯಿತು. 1857ರ ಪರೀಕ್ಷೆಯಲ್ಲಿ ಗುರಿಯ ನಿಖರತೆಯಲ್ಲಿ ಗೆದ್ದದ್ದು ವಿಟ್‌ವರ್ತ್.

ಇದನ್ನು ಲೆಕ್ಕಕ್ಕಿಳಿಸಿದವನು ವೂಲಿಚ್‌ನಲ್ಲಿ ಫಿರಂಗಿ ದಳದ ಅಧಿಕಾರಿಗಳಿಗೆ ಗಣಿತ ಹೇಳುತ್ತಿದ್ದ ಜಾರ್ಜ್ ಗ್ರೀನ್‌ಹಿಲ್, 1879ರಲ್ಲಿ. ಗುಂಡಿನ ಉದ್ದ ಅದರ ವ್ಯಾಸದ ಎಷ್ಟು ಪಟ್ಟು ಎಂದು ನೋಡಬೇಕು. ಆ ಸಂಖ್ಯೆಯಿಂದ 150ನ್ನು ಭಾಗಿಸಿ, ಬಂದದ್ದನ್ನು ವ್ಯಾಸದಿಂದ ಗುಣಿಸಿದರೆ ಸುತ್ತು ಇಂಚುಗಳಲ್ಲಿ ಸಿಗುತ್ತದೆ. ತೀರಾ ವೇಗದ ಗುಂಡಾದರೆ 150ರ ಬದಲು 180. ಈ ಲೆಕ್ಕದಲ್ಲಿ ತೂಕ ಎಲ್ಲೂ ಬರುವುದಿಲ್ಲ. ತೆಂಗಿನಕಾಯಿ ಸ್ಪರ್ಧೆಯ ಪಾಯಿಂಟ್ 22ರ ಮೇಲೆ ಇದನ್ನು ಪರೀಕ್ಷಿಸಬಹುದು. 40 ಗ್ರೇನಿನ ಸೀಸದ ಗುಂಡು, ವ್ಯಾಸ 0.223 ಇಂಚು, ಉದ್ದ ಸುಮಾರು 0.46, ಎರಡು ಪಟ್ಟಿಗಿಂತ ಕೊಂಚ ಹೆಚ್ಚು. ಉತ್ತರ 16ರ ಆಸುಪಾಸು. ಕಾರ್ಖಾನೆಗಳು ಈ ನಳಿಗೆಗೆ ಕೊಡುವ ಸುತ್ತೂ ಒಂದಕ್ಕೆ 16! ಕಾಗದದ ಮೇಲಿನ ಲೆಕ್ಕ ಉಕ್ಕಿನ ನಳಿಗೆಗೆ ಇಷ್ಟು ಸಲೀಸಾಗಿ ಕೂತದ್ದನ್ನು ಕಂಡಾಗಿನ ಖುಷಿಯೇ ಬೇರೆ. ಈ ನಳಿಗೆಯಿಂದ ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಹೊರಟ ಗುಂಡು ನಿಮಿಷಕ್ಕೆ 48,000 ಸುತ್ತು ಮೀರಿ ತಿರುಗುತ್ತಿರುತ್ತದೆ.

ತೂಕ ದಾರಿ ತಪ್ಪಿಸುವುದಕ್ಕೆ ಸೊಗಸಾದ ಸಾಕ್ಷಿ, ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ತೂಗಿದ ತ್ರೀ ನಾಟ್ ತ್ರೀ. ಅದರ ಸುತ್ತು ಒಂದಕ್ಕೆ 10. ಮೊದಲಿನ 215 ಗ್ರೇನಿನ ಬೋಳುಮೂತಿ ಗುಂಡಿನ ಬದಲು 1910ರಲ್ಲಿ 174 ಗ್ರೇನಿನ ಚೂಪುಮೂತಿ ಬಂತು. ತೂಕ 41 ಗ್ರೇನ್ ಇಳಿಯಿತು, ಆದರೆ ಗುಂಡು ಮೋಟಾಗಲಿಲ್ಲ. ಮೂತಿಯೊಳಗೆ ಸೀಸದ ಬದಲು ಅಲ್ಯೂಮಿನಿಯಂ ಅಥವಾ ಮರದ ತಿರುಳು ತುಂಬಿದ್ದರು. ತೂಕವನ್ನಷ್ಟೇ ನೋಡಿ ಸುತ್ತು ಸಡಿಲಿಸಬಹುದೆಂದು ಹೊರಟವರು ಇಲ್ಲಿ ಮುಗ್ಗರಿಸಬೇಕಾಗುತ್ತಿತ್ತು.

ಸುತ್ತು ಸಾಲದೆ ಹೋದರೆ ಗುರಿಹಲಗೆಯೇ ಹೇಳುತ್ತದೆ. ದುಂಡಗಿನ ತೂತಿರಬೇಕಾದಲ್ಲಿ ಬೀಗದ ಕೈ ತೂರಿಸುವ ಕಂಡಿಯಂಥ ಉದ್ದನೆಯ ತೂತು ಬೀಳುತ್ತದೆ. ಗುಂಡು ಅಡ್ಡಡ್ಡ ಬಂದು ಬಡಿದಿದೆ ಎಂದರ್ಥ. ಅಗಿಲಾ ಕಂಪನಿಯ 60 ಗ್ರೇನಿನ ಪಾಯಿಂಟ್ 22 ತೋಟೆಯನ್ನು ಮಾಮೂಲಿ 16ರ ನಳಿಗೆಯಲ್ಲಿ ಹಾರಿಸಿದವರಿಗೆ ಈ ತೂತಿನ ಪರಿಚಯವಿರುತ್ತದೆ. ಆ ಗುಂಡು ಬಯಸುವುದು ಒಂದಕ್ಕೆ 9. ಗಾಳಿಯೂ ಇದರಲ್ಲಿ ಕೈಯಾಡಿಸುತ್ತದೆ. ಅಮೆರಿಕದ ಎಂ-16 ಮೊದಲು ಒಂದಕ್ಕೆ 14 ಇತ್ತು. ಕೊರೆಯುವ ಚಳಿಯ ದಟ್ಟ ಗಾಳಿಯಲ್ಲಿ 55 ಗ್ರೇನಿನ ಗುಂಡು ತತ್ತರಿಸಿದ್ದರಿಂದ 1960ರ ದಶಕದಲ್ಲಿ ಅದನ್ನು 12ಕ್ಕೆ ಬಿಗಿದರು. ಅಜ್ಜಾವರದ ಸೆಖೆಗಾಳಿ ಹಗುರ, ತೇವ ತುಂಬಿದರೆ ಇನ್ನೂ ಹಗುರ; ಗುಂಡಿನ ಮಟ್ಟಿಗೆ ಅದು ಅನುಕೂಲವೇ.

ಬೇಕಾದ್ದಕ್ಕಿಂತ ತುಸು ಬಿಗಿಯಾದರೆ ಕೇಡಿಲ್ಲ, ಅತಿಯಾದರೆ ಉಂಟು. ಒಂದಕ್ಕೆ 7ರ ನಳಿಗೆಯಿಂದ ಹೊರಡುವ 5.56 ಮಿ.ಮೀ. ಗುಂಡು ನಿಮಿಷಕ್ಕೆ ಮೂರು ಲಕ್ಷ ಸುತ್ತು ದಾಟುತ್ತದೆ. ಆ ಭರಾಟೆಯಲ್ಲಿ ತೆಳು ಹೊದಿಕೆಯ ಹಗುರ ಗುಂಡು ಗಾಳಿಯಲ್ಲೇ ಛಿದ್ರವಾಗಬಹುದು. ಎರಕದಲ್ಲಿ ಕೂದಲೆಳೆಯಷ್ಟು ಓರೆಯಿದ್ದರೂ ಸುತ್ತು ಅದನ್ನು ಹಿಗ್ಗಿಸಿ ಗುರಿಹಲಗೆಯ ಮೇಲೆ ತೋರಿಸುತ್ತದೆ.

ನಳಿಗೆಯ ಸುತ್ತು ತಿಳಿಯದಿದ್ದರೆ ಅಳೆಯುವುದು ಸುಲಭ. ಕೋವಿ ಖಾಲಿಯಿದೆಯೆಂದು ಎರಡು ಸಲ ನೋಡಿ, ಒರಸುವ ಸರಳಿನ ತುದಿಗೆ ಬಿಗಿಯಾದ ಬಟ್ಟೆ ಸುತ್ತಿ ನಳಿಗೆಯೊಳಗೆ ತೂರಿಸಬೇಕು. ಸರಳು ಹಿಡಿಯಲ್ಲಿ ಸಲೀಸಾಗಿ ತಿರುಗುವಂಥದ್ದಾಗಿರಬೇಕು. ಅದರ ಮೇಲೊಂದು ಗುರುತು ಹಾಕಿ, ಆ ಗುರುತು ಒಂದು ಪೂರ್ತಿ ಸುತ್ತು ಬಂದು ಮತ್ತೆ ಮೇಲಾಗುವಷ್ಟರಲ್ಲಿ ಸರಳು ಎಷ್ಟು ಇಂಚು ಒಳಗೆ ಹೋಯಿತೆಂದು ಅಳೆದರೆ ಮುಗಿಯಿತು. ಮೂರು ಸಲ ಅಳೆದು ಸರಾಸರಿ ತೆಗೆಯುವುದು ಒಳ್ಳೆಯದು. ಗುಂಡಿನ ಉದ್ದವನ್ನು ಮಾತ್ರ ವರ್ನಿಯರ್ ಕ್ಯಾಲಿಪರ್ ಹಿಡಿದು ಬೇರೆಯಾಗಿಯೇ ನೋಡಬೇಕು. ತೋಟೆ ಡಬ್ಬದ ಮೇಲೆ ಅಚ್ಚಾಗಿರುವುದು ತೂಕ ಮಾತ್ರ.