ಭಾಂಡಕ್ಕೂ ಒಂದು ಪರಿಮಾಣ

ಗೃಹಸ್ಥನಾದವನು ಪರಿಗ್ರಹವನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂದು ನಮ್ಮ ಆಚಾರ್ಯರು ವಿಧಿಸಲಿಲ್ಲ. ಅದಕ್ಕೊಂದು ಪರಿಮಾಣವಿರಲಿ ಎಂದರು. ಬಾಹ್ಯ ಪರಿಗ್ರಹಗಳು ಹತ್ತು. ಕ್ಷೇತ್ರ, ವಾಸ್ತು, ಸುವರ್ಣಾದಿಗಳನ್ನು ಹೇಳಿದವರು ಭಾಂಡವನ್ನೂ, ಅಂದರೆ ಪಾತ್ರೆ ಪದಾರ್ಥಗಳನ್ನೂ, ಬಿಡಲಿಲ್ಲ. ಹೊಲಮನೆಗಳ ಲೆಕ್ಕವನ್ನು ನಾವೆಲ್ಲರೂ ಇಡುತ್ತೇವೆ. ಪಾತ್ರೆಗಳ ಲೆಕ್ಕವಿಡುವವರು ವಿರಳ. ಹಳೆಯ ಪಿಂಗಾಣಿಯನ್ನು ಸಂಗ್ರಹಿಸುವ ಹವ್ಯಾಸವುಳ್ಳ ನಾನು ಈ ವಿಷಯವನ್ನು ಆಲೋಚಿಸಲೇಬೇಕಾಯಿತು.

ತ್ಯಾಗರಾಜನಗರ, ಜಯನಗರಗಳ ಹಳೆಯ ಮನೆಗಳನ್ನು ಕೆಡವಿ ವಸತಿ ಸಮುಚ್ಚಯಗಳನ್ನು ಕಟ್ಟುವಾಗ, ಗಾಜಿನ ಬೀರುಗಳಲ್ಲಿದ್ದ ಬಟ್ಟಲು, ತಟ್ಟೆಗಳು ಗುಜರಿಯ ಪಾಲಾಗುತ್ತವೆ. ಅವುಗಳಲ್ಲಿ ಹೂಬಳ್ಳಿಗಳಿಲ್ಲದ, ಒಂದೇ ಬಣ್ಣದ, ಸರಳಾಕಾರದ ಪಾತ್ರೆಗಳು ನನಗೆ ಪ್ರಿಯ. ಈ ಸರಳತೆಯ ಹಿಂದೆ ಒಂದು ವಿಚಾರವಿದೆ. ಎರಡನೆಯ ಮಹಾಯುದ್ಧದ ನಂತರ ಫಿನ್ಲೆಂಡಿನ ಜನರು ಚಿಕ್ಕ ಮನೆಗಳಲ್ಲಿ ಬಾಳಬೇಕಾಗಿತ್ತು. ಅರಾಬಿಯಾ ಕಾರ್ಖಾನೆಯ ವಿನ್ಯಾಸಕಾರ ಕಾಯ್ ಫ್ರಾಂಕ್, ಡಜನುಗಟ್ಟಲೆ ಪಾತ್ರೆಗಳ ಊಟದ ಸೆಟ್ಟುಗಳೇ ಅನಾವಶ್ಯಕವೆಂದು ಭಾವಿಸಿದರು. 1953ರಲ್ಲಿ ಮಾರುಕಟ್ಟೆಗೆ ಬಂದ ಅವರ ‘ಕಿಲ್ಟಾ’ ಪಾತ್ರೆಗಳನ್ನು ಬಿಡಿಬಿಡಿಯಾಗಿ ಕೊಳ್ಳಬಹುದಾಗಿತ್ತು. ಒಂದೇ ಪಾತ್ರೆ ಹಲವು ಕೆಲಸಗಳಿಗೆ ಒದಗುತ್ತಿತ್ತು. 1975ರಲ್ಲಿ ಅವುಗಳ ತಯಾರಿಕೆ ನಿಂತಿತು. 1981ರಲ್ಲಿ ‘ಟೀಮಾ’ ಎಂಬ ಹೆಸರಿನಲ್ಲಿ ಪುನಃ ಆರಂಭವಾಯಿತು. ಮನೆಯ ವಸ್ತುಗಳು ಕಡಿಮೆಯಾಗಲೆಂದು ಮಾಡಿದ ಪಾತ್ರೆಗಳನ್ನೇ ಇಂದು ಸಂಗ್ರಾಹಕರು ಬಣ್ಣಬಣ್ಣಕ್ಕೊಂದರಂತೆ ಕೂಡಿಹಾಕುತ್ತಾರೆ! ವಸ್ತುವಿಗಿಂತ ಮೂರ್ಛೆಯೇ ಪರಿಗ್ರಹವೆಂಬ ಉಮಾಸ್ವಾಮಿಗಳ ಅಭಿಪ್ರಾಯಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಎಷ್ಟು ಎಂಬುದರಂತೆಯೇ, ಯಾವುದರಿಂದ ಮಾಡಿದ್ದು ಎಂಬುದೂ ಮುಖ್ಯ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜೋಸಯಾ ಸ್ಪೋಡ್ ರೂಢಿಗೆ ತಂದ ಬೋನ್ ಚೈನಾದಲ್ಲಿ ಸುಮಾರು ಅರ್ಧಭಾಗ ದನದ ಮೂಳೆಯ ಬೂದಿ. ಸ್ನೇಹಿತರೊಬ್ಬರು ಅಂತಹ ಸೊಗಸಾದ ಕಾಫಿ ಸೆಟ್ಟೊಂದನ್ನು ನನಗೆ ಕೊಡಲು ಬಂದರು. ನಾನು ಒಲ್ಲೆನೆಂದಾಗ ನನ್ನ ಮಗ ಕೇಳಿದ: “ಅಪ್ಪಾಜಿ, ಆ ಪ್ರಾಣಿ ಸತ್ತು ಅರವತ್ತು ವರ್ಷಗಳಾದವು. ಈಗ ಇದನ್ನು ಇಟ್ಟುಕೊಂಡರೆ ಹೊಸದಾಗಿ ಯಾವ ಹಿಂಸೆಯಾಗುತ್ತದೆ?”

ಪ್ರಶ್ನೆ ಸುಲಭವಾದುದಲ್ಲ. ಹೊಸ ವಧೆ ಆಗದೆಂಬುದು ನಿಜ. ಆದರೆ ನಮ್ಮಲ್ಲಿ ಕೃತ, ಕಾರಿತಗಳೊಡನೆ ಅನುಮೋದನೆಯನ್ನೂ ಎಣಿಸುತ್ತಾರೆ. ಅತಿಥಿಗಳ ಮುಂದಿಟ್ಟು ಅದರ ನುಣುಪನ್ನು ಹೊಗಳುವುದು ಅನುಮೋದನೆಯಲ್ಲದೆ ಮತ್ತೇನು? ವ್ಯಾಪಾರಿಯಾಗಿ ಇನ್ನೊಂದು ಮಾತನ್ನೂ ಹೇಳಬಲ್ಲೆ: ಹಳೆಯ ಸರಕಿನ ಪ್ರತಿಷ್ಠೆ ಹೆಚ್ಚಿದರೆ ಹೊಸ ಸರಕಿಗೂ ಗಿರಾಕಿ ಹುಟ್ಟುತ್ತಾನೆ. ಮಗ ಪೂರ್ತಿ ಒಪ್ಪಲಿಲ್ಲ. ಆದರೆ ಸೆಟ್ಟನ್ನು ಹಿಂದಿರುಗಿಸಿ ಬಂದವನು ಅವನೇ.

ನಾನು ಮೂವತ್ತಾರು ಪಾತ್ರೆಗಳ ಮಿತಿಯನ್ನು ಇಟ್ಟುಕೊಂಡಿದ್ದೇನೆ. ಒಂದು ಬರಬೇಕಾದರೆ ಒಂದು ಹೊರಗೆ ಹೋಗಬೇಕು. ಹಳೆಯ ಗಾಢವರ್ಣದ ಮೆರುಗಿನಲ್ಲಿ ಸೀಸವಿರುವ ಸಂಭವವುಂಟಾದ್ದರಿಂದ ಅಂತಹವುಗಳಲ್ಲಿ ಆಹಾರವಿಡುವುದಿಲ್ಲ. ಉಳಿದವು ನಿತ್ಯದ ಬಳಕೆಗೆ.

ಬಸದಿಗಳ ಟ್ರಸ್ಟುಗಳಿಗೂ ಒಂದು ವಿನಂತಿ. ಭೋಜನಶಾಲೆಗೆ ದಾನವಾಗಿ ಬರುವ ಪಿಂಗಾಣಿಯ ತಳವನ್ನು ತಿರುಗಿಸಿ ಮುದ್ರೆಯನ್ನು ಓದಿರಿ. ಬೆಳಕಿಗೆ ಹಿಡಿದು ನೋಡಿದರೆ ಸಾಲದು. ಮೂಳೆಯಿಲ್ಲದ ಉತ್ತಮ ಪಿಂಗಾಣಿಯೂ ಬೆಳಕನ್ನು ಬಿಡುತ್ತದೆ. ಮುದ್ರೆಯಿಲ್ಲದಿದ್ದರೆ ದಾನಿಗಳನ್ನು ವಿಚಾರಿಸಿರಿ. ಸಂಶಯ ಉಳಿದರೆ ಸ್ಟೀಲಿನ ತಟ್ಟೆಯೇ ಲೇಸು.