ವಿಶ್ವವಿದ್ಯಾನಿಲಯದ ಯೋಜನೆಯೂ ನಮ್ಮ ಹಾಜರಿ ಪುಸ್ತಕವೂ

ಯೋಜನೆಯೆಂಬುದು ನಮ್ಮಂಥ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಹೊಸತಲ್ಲ. ಪಾಠಟಿಪ್ಪಣಿಯಲ್ಲಿ ಮೊದಲು ತರಗತಿಯನ್ನೂ ಅನಂತರ ಉದ್ದೇಶವನ್ನೂ ಬರೆಯಬೇಕೆಂದು ತರಬೇತಿ ಶಾಲೆಯಲ್ಲಿಯೇ ಕಲಿತೆವು. ಯಾರಿಗೆ ಕಲಿಸುತ್ತೇವೆಂಬುದು ತಿಳಿದ ಮೇಲಲ್ಲವೆ ಏನನ್ನು ಕಲಿಸಬೇಕೆಂಬ ವಿಚಾರ? ವಿಶ್ವವಿದ್ಯಾನಿಲಯಗಳು ಈಗ ರಚಿಸುತ್ತಿರುವ ದೀರ್ಘಾವಧಿ ಯೋಜನೆಗಳಲ್ಲಿಯೂ ನಾನು ಮೊದಲು ಹುಡುಕುವುದು ಈ 'ಯಾರಿಗೆ' ಎಂಬುದನ್ನೇ.

2003ರಲ್ಲಿ ಚೀನದ ಶಾಂಘೈ ಜಿಯಾವೊ ತೊಂಗ್ ವಿಶ್ವವಿದ್ಯಾನಿಲಯವು ಜಗತ್ತಿನ ವಿದ್ಯಾಪೀಠಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಸಾಲುಗೊಳಿಸಿತು. ಅದರ ಅಳತೆಯಲ್ಲಿ ನೊಬೆಲ್ ಮೊದಲಾದ ಪಾರಿತೋಷಕ ಪಡೆದ ಹಳೆಯ ವಿದ್ಯಾರ್ಥಿಗಳಿಗೆ ನೂರಕ್ಕೆ 10, ಅಂಥ ಅಧ್ಯಾಪಕರಿಗೆ 20 ಅಂಕ. ಉಳಿದುದು ಹೆಚ್ಚಾಗಿ ಸಂಶೋಧನ ಲೇಖನಗಳ ಲೆಕ್ಕ. ದೇಶಭಾಷೆಯಲ್ಲಿ ಬರೆದ ಪಠ್ಯಪುಸ್ತಕಕ್ಕೆ ಅಲ್ಲಿ ಅಂಕವಿಲ್ಲ. 2023ರಲ್ಲಿ ನಮ್ಮ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ವಿದೇಶೀ ವಿದ್ಯಾಪೀಠಗಳಿಗೆ ಬಾಗಿಲು ತೆರೆದಾಗಲೂ, ಇಂಥ ಪಟ್ಟಿಗಳ ಮೊದಲ 500ರೊಳಗಿನ ಸ್ಥಾನವನ್ನೇ ಮುಖ್ಯ ಅರ್ಹತೆಯೆಂದಿತು. 2025ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯವು ಗುರುಗ್ರಾಮದಲ್ಲಿ ತರಗತಿಗಳನ್ನು ಆರಂಭಿಸಿತು. ಪೈಪೋಟಿ ಮನೆಬಾಗಿಲಿಗೆ ಬಂದಿರುವಾಗ ಯೋಜನೆ ಬೇಡವೆನ್ನಲಾಗದು. ಆದರೆ ಪಟ್ಟಿ ಅಳೆಯದುದನ್ನೆಲ್ಲ ಯೋಜನೆಯಿಂದಲೂ ಬಿಡುವುದು ಸಲ್ಲದು.

ಎರಡನ್ನೂ ಕೂಡಿಸಿದ ನಿದರ್ಶನ ಕನ್ನಡನಾಡಿನಲ್ಲಿಯೇ ಉಂಟು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು 1930ರ ದಶಕದಲ್ಲಿಯೇ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿತು. ಅವನ್ನು ಕಿರುಹೊತ್ತಗೆಗಳಾಗಿ ಅಚ್ಚುಹಾಕಿತು. 1956ರಿಂದ 1960ರವರೆಗೆ ಉಪಕುಲಪತಿಗಳಾಗಿದ್ದ ಕುವೆಂಪು ಅವರು ಉನ್ನತ ವ್ಯಾಸಂಗಕ್ಕೆಂದು ಮಾನಸಗಂಗೋತ್ರಿಯನ್ನು ಕಟ್ಟಿದರು. ಕನ್ನಡದಲ್ಲಿ ಉಚ್ಚಶಿಕ್ಷಣ ದೊರೆಯಬೇಕೆಂಬುದಕ್ಕೂ ಒತ್ತಾಸೆಯಾದರು.

1956ರಲ್ಲಿ ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ ಇಂದಿಗೂ ಮಕ್ಕಳು ಕನ್ನಡದಲ್ಲಿ ಗಣಿತ, ವಿಜ್ಞಾನ ಕಲಿಯುತ್ತಾರೆ. ಅವರಿಗೆ ನಾಳೆ ಕಲಿಸುವವರು ಇಂದಿನ ಕಾಲೇಜುಗಳಿಂದ ಬರಬೇಕು. ವಿದ್ಯಾರ್ಥಿಗಳು ಕಡಮೆಯೆಂದು ಒಂದು ಕನ್ನಡ ವಿಭಾಗದಲ್ಲಿ ಹುದ್ದೆಯನ್ನು ತುಂಬದೆ ಬಿಟ್ಟರೆ ಆ ವರ್ಷದ ಆಯವ್ಯಯದಲ್ಲಿ ಅದು ಉಳಿತಾಯ. ಹತ್ತು ವರ್ಷ ಕಳೆದ ಮೇಲೆ ಅದೇ ನಮ್ಮ ತರಗತಿಯಲ್ಲಿ ಬರಿದಾದ ಕುರ್ಚಿ.

ಯೋಜನೆ ಮಾಡುವವರು ಲೆಕ್ಕ ಕೇಳುತ್ತಾರೆ, ಕೇಳುವುದು ನ್ಯಾಯವೇ. ಪ್ರತಿ ತರಗತಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳೆಷ್ಟು, ಮುಂದಿನ ಐದು ವರ್ಷಗಳಲ್ಲಿ ನಿವೃತ್ತರಾಗುವ ಉಪಾಧ್ಯಾಯರೆಷ್ಟು ಎಂಬುದು ನಮ್ಮ ಹಾಜರಿ ಪುಸ್ತಕಗಳಲ್ಲಿಯೂ ಸೇವಾ ದಾಖಲೆಗಳಲ್ಲಿಯೂ ಇದೆ. ಶಾಲೆಶಾಲೆಯಿಂದ ಅದನ್ನು ಕೂಡಿಸಿ, ಸಂಘದ ಮೂಲಕ ವಿಶ್ವವಿದ್ಯಾನಿಲಯಕ್ಕೆ ಬರೆದು ಕಳುಹಿಸುವ ಕೆಲಸವನ್ನು ನಾವೇ ಮಾಡಬಹುದು. ಉಪಾಧ್ಯಾಯ ಬಂಧುಗಳು ಯೋಚಿಸಬೇಕು.