ಬೀಗ ಹಾಕಿದ ಕಿಟ್, ಲಗ್ನಪತ್ರಿಕೆಯ ಕಂಪ್ಯೂಟರ್

ನಮ್ಮ ಕಡೆ ಶಾಲೆಗೆ ಹೊಸ ಸಾಮಾನು ಬಂದರೆ ಮೊದಲು ಪೂಜೆ, ಆಮೇಲೆ ಫೋಟೊ, ಆಮೇಲೆ ಬೀಗ. ಜಿಲ್ಲಾ ವರದಿಗಾರನಾಗಿ ನಾನು ಪೂಜೆಗೂ ಹೋಗಿದ್ದೇನೆ, ಫೋಟೊ ಕೂಡ ಕಳಿಸಿದ್ದೇನೆ. ಬೀಗದ ಬಗ್ಗೆ ಬರೆಯಲು ಪತ್ರಿಕೆಯಲ್ಲಿ ಜಾಗ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ವರ್ಷ ಕುಡಿಯುವ ನೀರಿನ ಸುದ್ದಿಗೆಂದು ಒಂದು ಪ್ರೌಢಶಾಲೆಗೆ ಹೋಗಿದ್ದೆ. ಮೂಲೆಯ ಕೋಣೆಯ ಕಿಟಕಿಯಲ್ಲಿ ಇಣುಕಿದರೆ ಒಳಗೆ ಬೀರುವಿನಲ್ಲಿ ರೊಬೋಟ್ ಕಿಟ್‌ಗಳು. ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ವಿಜ್ಞಾನದ ಮೇಡಂ ಅವರನ್ನು ಕೇಳಿದೆ.

"ಮಕ್ಕಳ ಕೈಗೆ ಕೊಡೋಕೆ ನನಗೂ ಆಸೆ ಸಾರ್. ಒಂದು ಸೆನ್ಸರ್ ಸುಟ್ಟುಹೋದರೆ ಸ್ಟಾಕ್ ರಿಜಿಸ್ಟರ್‌ಗೆ ನಾನೇ ಉತ್ತರ ಕೊಡಬೇಕು. ಟ್ರಾನ್ಸ್‌ಫರ್ ಆದಾಗ ಚಾರ್ಜ್ ಕೊಡುವಾಗ ಒಂದು ಕಡಿಮೆ ಇದ್ದರೂ ಕೇಳ್ತಾರೆ" ಅಂದರು.

ಮೇಡಂ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಮುಟ್ಟದೆ ಸೈಕಲ್ ಕಲಿತವರು ಯಾರಿದ್ದಾರೆ?

ಕೋಡಿಂಗ್ ಅಂದರೇನು ಅಂತ ಒಮ್ಮೆ ನಮ್ಮಪ್ಪ ಕೇಳಿದರು. ತೋಟದ ಮೋಟರ್‌ನ ಆಟೋ ಸ್ಟಾರ್ಟರ್ ತೋರಿಸಿದೆ. ತ್ರೀ ಫೇಸ್ ಕರೆಂಟ್ ಬಂದರೆ ಸ್ವಲ್ಪ ಹೊತ್ತು ಕಾದು ಮೋಟರ್ ಆನ್ ಮಾಡು. ಒಂದು ಫೇಸ್ ಹೋದರೆ ಆಫ್ ಮಾಡು. ಬೋರ್‌ನಲ್ಲಿ ನೀರಿಲ್ಲದಿದ್ದರೆ ನಿಲ್ಲಿಸು. ಹೀಗಾದರೆ ಹಾಗೆ ಮಾಡು ಅಂತ ಯಂತ್ರಕ್ಕೆ ಅರ್ಥವಾಗುವಂತೆ ಬರೆದಿಡುವುದೇ ಕೋಡಿಂಗ್. "ಅಂದ್ರೆ ನಡುರಾತ್ರೀಲಿ ನನ್ನ ಬದಲು ತೋಟಕ್ಕೆ ಹೋಗೋದು ಅದು ಅನ್ನು" ಅಂದರು ಅಪ್ಪ. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯ ಹಂತಕ್ಕೆ ಕೋಡಿಂಗ್ ಸೇರಿದ ಮೇಲೆ ಊರಿನ ಅಪ್ಪ ಅಮ್ಮಂದಿರಿಗೆ ಹೊಸ ಚಿಂತೆ ಹತ್ತಿದೆ. ನಮ್ಮ ಮನೆಗೂ ಒಬ್ಬರು ಟ್ಯಾಬ್ ಹಿಡಿದುಕೊಂಡು ಬಂದು, ಈಗಲೇ ಸೇರಿಸದಿದ್ದರೆ ಮಗು ಹಿಂದೆ ಬೀಳುತ್ತೆ ಅಂದರು. ಎದುರು ಮನೆಯವರು ಡೇರಿಯ ಹಾಲಿನ ದುಡ್ಡಿನಲ್ಲಿ ಕಂತು ಕಟ್ಟುತ್ತಿದ್ದಾರೆ. ಆರನೇ ತರಗತಿಯ ಮಗಳಿರುವ ನಮಗೂ ಆ ರಾತ್ರಿ ನಿದ್ದೆ ಬರಲಿಲ್ಲ.

ಕಂತು ಕಟ್ಟುವ ಮೊದಲು ಒಂದು ಕೆಲಸ ಮಾಡಿದೆ. ನ್ಯೂಜಿಲೆಂಡ್‌ನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಅವರ ಜೊತೆಗಾರರು 'ಸಿಎಸ್ ಅನ್‌ಪ್ಲಗ್ಡ್' ಎಂಬ ಪಾಠಗಳನ್ನು ಮಾಡಿದ್ದಾರೆ. ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಆಟಗಳು ಅವು, ಪುಕ್ಕಟೆ ಸಿಗುತ್ತವೆ. ಒಂದನ್ನು ಮಗಳ ಜೊತೆ ಆಡಿದೆ.

ನೀವೂ ಮಾಡಬಹುದು. ಹಳೆಯ ಐದು ಲಗ್ನಪತ್ರಿಕೆ ತೆಗೆದುಕೊಳ್ಳಿ. ಖಾಲಿ ಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಒಂದಕ್ಕೆ 1 ಚುಕ್ಕಿ, ಮುಂದಿನವಕ್ಕೆ 2, 4, 8, 16. ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ಕೊಡಿ. 16 ಎಡತುದಿಗೆ, 1 ಬಲತುದಿಗೆ. ಈಗ 13 ತೋರಿಸಿ ಅನ್ನಿ. 8, 4, 1 ಹಿಡಿದವರು ಚುಕ್ಕಿ ತೋರಿಸಬೇಕು, ಉಳಿದವರು ಕಾರ್ಡ್ ತಿರುಗಿಸಿಕೊಳ್ಳಬೇಕು. ತೋರಿಸಿದವರು 1, ಮುಚ್ಚಿದವರು 0. ಕಂಪ್ಯೂಟರ್ ಭಾಷೆಯಲ್ಲಿ 13 ಅಂದರೆ 01101. ಐದೇ ಕಾರ್ಡಿನಲ್ಲಿ 0ಯಿಂದ 31ರವರೆಗೆ ಎಲ್ಲ ಸಂಖ್ಯೆ ಬರುತ್ತದೆ. 32 ಬೇಕಾದರೆ ಏನು ಮಾಡುವುದು ಅಂತ ಮಗಳನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಇನ್ನೊಂದು ಲಗ್ನಪತ್ರಿಕೆ ಹುಡುಕಲು ಒಳಗೆ ಓಡಿದಳು.

ಎಂಜಿನಿಯರಿಂಗ್ ಕಲಿಸುವುದಕ್ಕೂ ಹೀಗೇ ದಾರಿ ಇದೆ. ಐಐಟಿ ಕಾನ್ಪುರದಲ್ಲಿ ಓದಿದ ಅರವಿಂದ ಗುಪ್ತ 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮಕ್ಕೆ ಹೋದಾಗ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ ಟ್ಯೂಬಿನ ತುಂಡುಗಳಿಂದ ಮಕ್ಕಳಿಗೆ ಆಕಾರ ಕಟ್ಟುವುದನ್ನು ಹೇಳಿಕೊಟ್ಟರು. ನಾಲ್ಕು ಕಡ್ಡಿಯ ಚೌಕ ಕಟ್ಟಿ ಒತ್ತಿ ನೋಡಿ, ಓರೆಯಾಗುತ್ತದೆ. ಮೂರು ಕಡ್ಡಿಯ ತ್ರಿಕೋನ ಜಗ್ಗುವುದಿಲ್ಲ. ಆಮೇಲೆ ಹೊರಗೆ ಬಂದು ಮೊಬೈಲ್ ಟವರ್ ನೋಡಿ, ಮೇಲಿನಿಂದ ಕೆಳಗಿನವರೆಗೆ ತ್ರಿಕೋನಗಳೇ. ನಮ್ಮ ಪಕ್ಕದ ಊರಿನ ಮೇಷ್ಟ್ರೊಬ್ಬರು ಇದನ್ನು ಮಾಡಿಸಿದ ಮರುದಿನ ಒಬ್ಬ ಹುಡುಗ ತಮ್ಮ ಕೊಟ್ಟಿಗೆಯ ವಾಲಿದ ತಡಿಕೆ ಬಾಗಿಲಿಗೆ ಅಡ್ಡಪಟ್ಟಿ ಹೊಡೆದು ಬಂದನಂತೆ.

ಹಾಗಂತ ಕಡ್ಡಿ, ಕಾರ್ಡು ಸಾಕು, ಕಂಪ್ಯೂಟರ್ ಬೇಡ ಅನ್ನುತ್ತಿಲ್ಲ. ಪೇಟೆಯ ಮಕ್ಕಳಿಗೆ ಯಂತ್ರ, ಹಳ್ಳಿಯ ಮಕ್ಕಳಿಗೆ ಕಡ್ಡಿ ಅಂದರೆ ಅನ್ಯಾಯ. ಎಂಐಟಿಯವರು 2007ರಲ್ಲಿ ಹೊರತಂದ 'ಸ್ಕ್ರಾಚ್' ಇದೆ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಪ್ರೋಗ್ರಾಂ ಆಗುತ್ತದೆ. ದುಡ್ಡು ಕೊಡಬೇಕಿಲ್ಲ, ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಂಡರೆ ಇಂಟರ್‌ನೆಟ್ ಕೂಡ ಬೇಕಿಲ್ಲ. ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಇತ್ತು. 10 ಲಕ್ಷ ಲ್ಯಾಬ್ ಕಟ್ಟಲು, 10 ಲಕ್ಷ ಐದು ವರ್ಷ ನಡೆಸಲು. ನಡೆಸುವುದಕ್ಕೂ ಅಷ್ಟೇ ದುಡ್ಡು ಇಟ್ಟಿದ್ದಾರೆ ಅಂದರೆ ಏನರ್ಥ? ಬಳಸಿದ ವಸ್ತು ಸವೆಯುತ್ತದೆ, ಕೆಡುತ್ತದೆ ಅಂತ ಯೋಜನೆ ಮಾಡಿದವರಿಗೂ ಗೊತ್ತಿತ್ತು. 2025ರ ಬಜೆಟ್‌ನಲ್ಲಿ ಐದು ವರ್ಷದೊಳಗೆ ಸರ್ಕಾರಿ ಶಾಲೆಗಳಲ್ಲಿ ಇಂಥ 50,000 ಲ್ಯಾಬ್ ಅಂತ ಘೋಷಣೆಯಾಗಿದೆ. ನಾಳೆ ನಿಮ್ಮೂರಿಗೂ ಬರಬಹುದು.

ಬಂದಾಗ ಬೀಗ ತೆಗೆಸುವ ಕೆಲಸ ನಮ್ಮದು. ಎಸ್‌ಡಿಎಂಸಿ ಸಭೆಗೆ ಸಹಿ ಹಾಕಲು ಮಾತ್ರ ಹೋಗಬೇಡಿ. ಮೂರು ಮಾತು ಕೇಳಿ. ವಾರದಲ್ಲಿ ಯಾವ ದಿನ, ಯಾವ ಪೀರಿಯಡ್ ಮಕ್ಕಳು ಕಿಟ್ ಮುಟ್ಟುತ್ತಾರೆ? ಹುಡುಗಿಯರ ಕೈಗೂ ಸಿಗುತ್ತದಾ, ಇಲ್ಲ ಹುಡುಗರು ಜೋಡಿಸುವುದನ್ನು ನೋಡುತ್ತಾ ನಿಲ್ಲುತ್ತಾರಾ? ಕೆಟ್ಟ ಸಾಮಾನಿಗೆ ಯಾರು ಉತ್ತರ ಕೊಡುತ್ತಾರೆ?

ಮೂರನೆಯದೇ ಮುಖ್ಯ. "ಪಾಠ ಮಾಡುವಾಗ ಕೆಟ್ಟಿದ್ದು, ಸಮಿತಿಗೆ ಗೊತ್ತಿದೆ" ಅಂತ ಸಭೆಯ ನಡಾವಳಿಯಲ್ಲಿ ಬರೆಸಿ, ಎಲ್ಲರೂ ಸಹಿ ಹಾಕಿ. ಒಂದು ಎಲ್‌ಇಡಿ ಬಲ್ಬಿನ ಬೆಲೆ ಕೆಲವೇ ರೂಪಾಯಿ. ಆ ಭಯಕ್ಕೆ ಮೇಡಂ ಒಬ್ಬರೇ ಹೆಗಲು ಕೊಡಬೇಕಾದರೆ ಬೀಗ ತೆಗೆಯುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು?

ನಿಮ್ಮೂರಿನ ಶಾಲೆಯಲ್ಲಿ ಬೀರು ತೆರೆದಿದ್ದರೆ ತಿಳಿಸಿ, ಬಂದು ಬರೆಯುತ್ತೇನೆ. ಈ ಸಲ ಫೋಟೊದಲ್ಲಿ ಮಕ್ಕಳ ಕೈ ಇರಲಿ.